ಪ್ರಶ್ನೆ ಯಾರದು, ಮೊದಲು ಹೇಳು

— ಚಿಕ್ಕಪ್ಪ, ಇದನ್ನ ಸ್ವಲ್ಪ ನೋಡಿ. ನಾಲ್ಕು ವಾರದ ಇಂಟರ್ನ್‌ಶಿಪ್ಪಂತೆ, ಮನೆಯಲ್ಲೇ ಕೂತು ಮಾಡಬಹುದು. ಮುಗಿದಮೇಲೆ ‘ಇಂಟರ್‌ನ್ಯಾಷನಲ್ ಬಿಸಿನೆಸ್ ಕನ್ಸಲ್ಟಿಂಗ್’ ಅಂತ ಸರ್ಟಿಫಿಕೇಟ್ ಕೊಡ್ತಾರೆ. ಫೀಸು ಆರು ಸಾವಿರ. ಅಪ್ಪನಿಗೆ ಹೇಳೋ ಮುಂಚೆ ನಿಮ್ಮನ್ನ ಕೇಳೋಣ ಅಂತ ಬಂದೆ.

— ಆ ನಾಲ್ಕು ವಾರದಲ್ಲಿ ನೀನು ಯಾರಿಗೆ ಸಲಹೆ ಕೊಡ್ತೀಯ?

— ಅದನ್ನ ಹಾಕಿಲ್ಲ. ವಿಡಿಯೊ ನೋಡಬೇಕು, ಕೊನೆಗೆ ಒಂದು ಪ್ರಾಜೆಕ್ಟ್ ರಿಪೋರ್ಟ್ ಬರೀಬೇಕು.

— ರಿಪೋರ್ಟ್ ಓದೋರು ಯಾರು?

— ಅವರೇ ಇರಬೇಕು.

— ಹಾಗಿದ್ದರೆ ದುಡ್ಡು ಕಟ್ಟಬೇಡಮ್ಮ. ಯಾರೋ ಒಬ್ಬರಿಗೆ ವ್ಯಾಪಾರದಲ್ಲಿ ಒಂದು ತೊಡಕಿರಬೇಕು, ಅದು ಅವರ ನಿದ್ದೆ ಕೆಡಿಸ್ತಿರಬೇಕು. ನೀನು ಹೇಳಿದ್ದನ್ನ ಕೇಳಿ ಅವರು ಏನಾದರೂ ಒಂದನ್ನ ಬದಲಾಯಿಸಬೇಕು, ಇಲ್ಲಾ ‘ಇದು ಆಗೋ ಮಾತಲ್ಲ’ ಅಂತ ನಿನ್ನ ಮುಖಕ್ಕೇ ಹೇಳಬೇಕು. ಆಗ ಅದು ಕನ್ಸಲ್ಟಿಂಗ್. ಕೇಳಿದವರೇ ಇಲ್ಲದ ಪ್ರಶ್ನೆಗೆ ಉತ್ತರ ಬರೆದರೆ ಪರೀಕ್ಷೆಯ ಪೇಪರು ಇನ್ನೊಂದು ಬರೆದ ಹಾಗೆ ಅಷ್ಟೆ. ಬೆಂಗಳೂರಿನ ಎಕ್ಸ್‌ಪೋರ್ಟ್ ಗಾರ್ಮೆಂಟ್ಸಿನಲ್ಲಿ ಮರ್ಚೆಂಡೈಸರ್ ಆಗಿದ್ದಾಗ ಹೊಸ ಹುಡುಗರನ್ನ ನಾನೂ ಇಂಟರ್‌ವ್ಯೂ ಮಾಡಿದೀನಿ. ಸರ್ಟಿಫಿಕೇಟ್ ಪಕ್ಕಕ್ಕಿಟ್ಟು ಕೇಳ್ತಿದ್ದದ್ದು ಇಷ್ಟೇ: ಪ್ರಶ್ನೆ ಯಾರದು, ಅವರಿಗೆ ಏನು ಬೇಕಿತ್ತು, ನೀನು ಹೇಳಿದಮೇಲೆ ಏನು ಮಾಡಿದರು. ಮೂರಕ್ಕೂ ಉತ್ತರ ಇರೋ ಹುಡುಗ ಸಿಕ್ಕರೆ ಅವನ ಕಾಲೇಜು ಯಾವುದು ಅಂತಲೂ ನೋಡ್ತಿರಲಿಲ್ಲ.

— ಮಾತು ಸರಿ. ಆದರೆ ಗುಮ್ಮಘಟ್ಟದಲ್ಲಿ ಇದ್ದುಕೊಂಡು ರಾಯದುರ್ಗಕ್ಕೆ ಬಸ್ಸಿನಲ್ಲಿ ಹೋಗಿ ಬಿಕಾಂ ಓದೋಳಿಗೆ ಹೊರದೇಶದ ಕ್ಲೈಂಟ್ ಎಲ್ಲಿಂದ ಬರಬೇಕು? ದೆಹಲಿ, ಬೆಂಗಳೂರಿನ ಕಾಲೇಜುಗಳಲ್ಲಿ ಕನ್ಸಲ್ಟಿಂಗ್ ಕ್ಲಬ್ಬೇ ಇರ್ತವಂತೆ. ನಮಗೆ ಯಾರು ಮಾಡಿಕೊಡ್ತಾರೆ?

— ಅವರಿಗೂ ಯಾರೂ ಮಾಡಿಕೊಡಲಿಲ್ಲ. 1967ರಲ್ಲಿ ಪ್ಯಾರಿಸ್ಸಿನ ಎಸೆಕ್ ಅನ್ನೋ ವ್ಯಾಪಾರ ಕಾಲೇಜಿನ ವಿದ್ಯಾರ್ಥಿಗಳು, ತರಗತಿಯಲ್ಲಿ ಓದಿದ್ದನ್ನ ಕೈಯಾರೆ ಮಾಡಿ ನೋಡಬೇಕು ಅಂತ ತಾವೇ ಒಂದು ಸಂಸ್ಥೆ ಕಟ್ಟಿದರು. ಓದ್ತಾ ಓದ್ತಾನೇ ಕಂಪನಿಗಳಿಗೆ ಕೆಲಸ ಮಾಡಿಕೊಟ್ಟರು. ಜೂನಿಯರ್ ಎಂಟರ್‌ಪ್ರೈಸ್ ಅಂತ ಅದೇ ಮುಂದೆ ಯೂರೋಪಿಗೆಲ್ಲ ಹಬ್ಬಿತು, ಬ್ರೆಜಿಲ್ ತನಕ ಹೋಯಿತು. 2007ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಶುರುವಾದ ‘180 ಡಿಗ್ರೀಸ್ ಕನ್ಸಲ್ಟಿಂಗ್’ ಕೂಡ ವಿದ್ಯಾರ್ಥಿಗಳದೇ. ಸೇವಾ ಸಂಸ್ಥೆಗಳಿಗೆ ಸಲಹೆ ಕೊಡೋದು ಅವರ ಕೆಲಸ. ನೀನು ಹೇಳಿದ ದೆಹಲಿ ಕಾಲೇಜುಗಳಲ್ಲಿ ಕೆಲವು ಕಡೆ ಇರೋದು ಅದರ ಶಾಖೆಗಳೇ.

— ಶಾಖೆ ತೆರೆಯೋಕೆ ನಮ್ಮಲ್ಲಿ ಜನ ಸಾಲಲ್ಲ.

— ಶಾಖೆ ಬೇಡ. ಎಕ್ಸ್-ಕಲ್ಚರ್ ಅಂತ ಒಂದಿದೆ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಗ್ರೀನ್ಸ್‌ಬರೊ ಕ್ಯಾಂಪಸ್ಸಿನ ಪ್ರಾಧ್ಯಾಪಕರೊಬ್ಬರು 2010ರಲ್ಲಿ ಶುರು ಮಾಡಿದ್ದು. ಬೇರೆ ಬೇರೆ ದೇಶದ ವಿದ್ಯಾರ್ಥಿಗಳನ್ನ ಸೇರಿಸಿ ಸಣ್ಣ ಸಣ್ಣ ತಂಡ ಮಾಡ್ತಾರೆ. ನಿಜವಾದ ಕಂಪನಿಯೊಂದು ತನ್ನ ಪ್ರಶ್ನೆ ಕೊಡ್ತದೆ: ನಮ್ಮ ಸಾಮಾನನ್ನ ಹೊಸದಾಗಿ ಯಾವ ದೇಶದಲ್ಲಿ ಮಾರಬಹುದು, ಅಲ್ಲಿ ಬೆಲೆ ಎಷ್ಟಿಡಬೇಕು, ಯಾರ ಮೂಲಕ ಹೋಗಬೇಕು. ಕೆಲವು ವಾರ ಎಲ್ಲರೂ ತಮ್ಮ ತಮ್ಮ ಊರಲ್ಲೇ ಕೂತು ಕೆಲಸ ಮಾಡಿ ವರದಿ ಒಪ್ಪಿಸಬೇಕು. ಯಾರು ಎಷ್ಟು ದುಡಿದರು ಅಂತ ಜೊತೆಯವರೇ ಅಂಕ ಹಾಕ್ತಾರೆ. ಸುಮ್ಮನೆ ಕೂತವರು ಬಚಾವಾಗಲ್ಲ. ವಿದ್ಯಾರ್ಥಿಗಳನ್ನ ಸೇರಿಸೋರು ಅಧ್ಯಾಪಕರು. ಹಾಗಾಗಿ ನಿನ್ನ ಕಾಮರ್ಸ್ ಮೇಷ್ಟ್ರನ್ನ ಒಪ್ಪಿಸೋದು ಮೊದಲ ಕೆಲಸ.

— ಮೇಷ್ಟ್ರು ಒಪ್ಪಬಹುದು. ಮನೆಯಲ್ಲಿ ಅವ್ವ ಒಪ್ಪಬೇಕಲ್ಲ? ಅಮೆರಿಕದವರ ಜೊತೆ ಮೀಟಿಂಗ್ ಅಂದರೆ ಮಧ್ಯರಾತ್ರಿ ಫೋನಿನಲ್ಲಿ ಮಾತಾಡೋ ಮಗಳು ಅಂತಾಗ್ತದೆ.

— ಹಾಗೇನಿಲ್ಲ. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಒಂಬತ್ತು ಗಂಟೆ ಅಂದರೆ ಅವರ ಬೇಸಿಗೆಯಲ್ಲಿ ನಮಗೆ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಜರ್ಮನಿಯವರಿಗೂ ಆಗ ಹಗಲೇ. ನಡುಮನೆಯಲ್ಲಿ ಕೂತು ಎಲ್ಲರೆದುರು ಮಾತಾಡು. ಏನು ಮಾತಾಡಿದೆ ಅಂತ ಆಮೇಲೆ ಅವ್ವನಿಗೆ ಕನ್ನಡದಲ್ಲಿ ಹೇಳು. ಅವ್ವನಿಗೆ ತಿಳಿಯೋ ಹಾಗೆ ಹೇಳೋಕೆ ಬಂದರೆ ಕ್ಲೈಂಟಿಗೂ ಹೇಳೋಕೆ ಬರ್ತದೆ. ಸಮಯದ ವಿಷಯವನ್ನ ಮೊದಲ ದಿನವೇ ತಂಡಕ್ಕೆ ಬಾಯಿಬಿಟ್ಟು ಹೇಳಿಬಿಡು: ರಾತ್ರಿ ಒಂಬತ್ತರ ಮೇಲೆ ನಾನು ಸಿಗಲ್ಲ, ಬರೆದು ಕಳಿಸಿದರೆ ಬೆಳಿಗ್ಗೆ ಉತ್ತರ ಕೊಡ್ತೀನಿ. ಹೇಳಿದ ಹೊತ್ತಿಗೆ ಉತ್ತರ ಕೊಟ್ಟರೆ ಯಾರೂ ತಕರಾರು ಮಾಡಲ್ಲ. ಹೇಳದೆ ಮಾಯ ಆಗೋರ ಮೇಲೆ ಮಾತ್ರ ಸಿಟ್ಟು ಬರ್ತದೆ.

— ಸರಿ, ಸೇರಿದೆ ಅಂತಲೇ ಇಟ್ಟುಕೊಳ್ಳಿ. ತಂಡದಲ್ಲಿ ಜರ್ಮನಿಯವನೊಬ್ಬ, ಬ್ರೆಜಿಲ್‌ನವಳೊಬ್ಬಳು ಇರ್ತಾರೆ. ನನಗೆ ಗೊತ್ತಿರೋದು ಏನಿದೆ ಅಂತ ಅವರ ಮುಂದೆ ಬಾಯಿ ತೆರೀಲಿ?

— ನಿನಗೆ ಏನು ಗೊತ್ತಿದೆ ಅಂತ ಈಗಲೇ ನೋಡೋಣ. ಶೇಂಗಾದ ಮಾತು ತಗೋ. ನಮ್ಮ ದೇಶದ ಶೇಂಗಾ ಇಂಡೋನೇಷ್ಯಾ, ವಿಯೆಟ್ನಾಂ, ಮಲೇಷ್ಯಾ, ಫಿಲಿಪ್ಪೀನ್ಸ್ ಕಡೆ ಹಡಗಿನಲ್ಲಿ ಹೋಗ್ತದೆ. ಯೂರೋಪಿನ ಬಾಗಿಲು ಮಾತ್ರ ಬಿಗಿ. ಯಾಕೆ?

— ಅಫ್ಲಾಟಾಕ್ಸಿನ್. ಬೂಷ್ಟಿನ ವಿಷ. ಪಾಠದಲ್ಲಿ ಒಂದು ಸಾಲು ಇತ್ತು.

— ಆ ಒಂದು ಸಾಲಿನ ಹಿಂದೆ ಎಷ್ಟಿದೆ ನೋಡು. ನೇರವಾಗಿ ತಿನ್ನೋ ಶೇಂಗಾದಲ್ಲಿ ಕೆಜಿಗೆ 4 ಮೈಕ್ರೊಗ್ರಾಂಗಿಂತ ಹೆಚ್ಚು ಆ ವಿಷ ಇರಬಾರದು ಅಂತ ಯೂರೋಪಿನ ಕಟ್ಟಳೆ. ಅದರಲ್ಲೂ ಬಿ1 ಅನ್ನೋ ಜಾತಿ 2 ಮೈಕ್ರೊಗ್ರಾಂ ದಾಟಬಾರದು. ನೂರು ಕೋಟಿ ಪಾಲಿನಲ್ಲಿ ನಾಲ್ಕು ಪಾಲು, ಅಷ್ಟು ಸೂಕ್ಷ್ಮ. ಈ ಬೂಷ್ಟು ಹೊಲದ ಮಣ್ಣಿನಲ್ಲೇ ಇರ್ತದೆ. ಕಾಯಿ ಬಲಿಯೋ ಹೊತ್ತಿಗೆ ಮಳೆ ಕೈಕೊಟ್ಟು ನೆಲ ಕಾದರೆ ಕಾಯಿಯೊಳಗೆ ಹೊಕ್ಕುತ್ತದೆ. ನಮ್ಮ ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳೋದೇ ಸುಮಾರು 550 ಮಿಲಿಮೀಟರ್ ಮಳೆ, ಅದೂ ಬೇಕಾದಾಗ ಬೀಳಲ್ಲ. ಇಷ್ಟನ್ನ ಜರ್ಮನಿಯ ಹುಡುಗ ಲೈಬ್ರರಿಯಲ್ಲಿ ಕೂತೇ ಓದಿಕೊಳ್ಳಬಹುದು. ಕಿತ್ತಮೇಲೆ ಏನಾಗ್ತದೆ, ಅದನ್ನ ನೀನು ಹೇಳು.

— ಕಿತ್ತ ಗಿಡ ಹೊಲದಲ್ಲೇ ಒಣಗಿಸಿ ಬಣವೆ ಹಾಕ್ತಾರೆ. ಆಮೇಲೆ ಕಾಯಿ ಬಿಡಿಸಿ ಚೀಲ ತುಂಬಿ ಮಾರ್ತಾರೆ. ಮಿಲ್ಲಿನಲ್ಲಿ ಒಡೆಯೋ ಮುಂಚೆ ಕಾಯಿಗೆ ನೀರು ಚಿಮುಕಿಸ್ತಾರೆ.

— ಯಾಕೆ?

— ಒಣ ಕಾಯಿ ಹಾಕಿದರೆ ಬೀಜ ಹೋಳಾಗ್ತದೆ. ಹೋಳಿಗೆ ರೇಟು ಕಡಿಮೆ. ಇದು ಎಲ್ಲರಿಗೂ ಗೊತ್ತಿರೋದೇ ಅಲ್ವಾ?

— ಎಲ್ಲರಿಗೂ ಅಲ್ಲಮ್ಮ, ಶೇಂಗಾ ಸೀಮೆಯವರಿಗೆ. ಎಲ್ಲಾ ಒಣಗಿಸಿ, ಜೋಪಾನ ಮಾಡಿ, ಕೊನೆಗೆ ಮಿಲ್ಲಿನ ಬಾಗಿಲಲ್ಲಿ ನೀರು ಹಾಕಿದರೆ ಬೂಷ್ಟಿಗೆ ಅದೇ ಸುಗ್ಗಿ. ಹೊರದೇಶದ ವಿದ್ಯಾರ್ಥಿ ‘ಗೋದಾಮು ಸುಧಾರಿಸಿ, ರೈತರಿಗೆ ತರಬೇತಿ ಕೊಡಿ’ ಅಂತ ಬರೀತಾನೆ. ನೀನು ಆ ನೀರಿನ ಮಾತು ಎತ್ತಿದ ಗಳಿಗೆಯಲ್ಲಿ ಇಡೀ ತಂಡದ ವರದಿಯೇ ತಿರುಗ್ತದೆ.

— ಹಾಗಾದರೆ ‘ನೀರು ಚಿಮುಕಿಸಬೇಡಿ’ ಅಂತ ಬರೆದರೆ ಆಯಿತು.

— ಆಗಲಿಲ್ಲ. ಮಿಲ್ಲಿನವರು ಕೆಟ್ಟವರಂತೂ ಅಲ್ಲ. ಹೋಳು ಹೆಚ್ಚಾದರೆ ನಷ್ಟ ಅವರದು. ನೀನು ಅಲ್ಲಿಗೆ ಹೋಗಿ, ಒಣ ಕಾಯಿ ಹಾಕಿದರೆ ಚೀಲಕ್ಕೆ ಎಷ್ಟು ಹೋಳು, ನೀರು ಹಾಕಿದರೆ ಎಷ್ಟು ಅಂತ ನಿಂತು ನೋಡಬೇಕು. ಎರಡರ ಬೆಲೆಯ ಅಂತರ ಲೆಕ್ಕ ಹಾಕಬೇಕು. ಕಾಯಿಯನ್ನ ಗಾತ್ರದ ಪ್ರಕಾರ ಬೇರೆ ಮಾಡಿ ಹಾಕಿದರೆ ಹೋಳು ಕಡಿಮೆ ಆಗ್ತದಾ, ಜರಡಿಯ ಸಂದು ಬದಲಾಯಿಸಬಹುದಾ ಅಂತ ಮಿಷನ್ನಿನ ಮೇಸ್ತ್ರಿಯನ್ನ ಕೇಳಬೇಕು. ನೀರಿಲ್ಲದ ಶೇಂಗಾಕ್ಕೆ ಹೆಚ್ಚು ಕೊಡೋಕೆ ಯಾರಾದರೂ ಖರೀದಿದಾರ ತಯಾರಿದ್ದಾನಾ, ಆ ಹೆಚ್ಚುವರಿ ದುಡ್ಡು ಹೋಳಿನ ನಷ್ಟವನ್ನ ತುಂಬ್ತದಾ, ಅದರಲ್ಲಿ ರೈತನ ಪಾಲೆಷ್ಟು. ಇಷ್ಟಾದಮೇಲೆ ಬರೆದ ಎರಡು ಪುಟವನ್ನ ಮಿಲ್ಲಿನವರೂ ಓದ್ತಾರೆ, ಖರೀದಿದಾರನೂ ಓದ್ತಾನೆ.

— ಖರೀದಿದಾರನ ಕಡೆಯ ಲೆಕ್ಕ ನನಗೆ ಎಲ್ಲಿ ಸಿಗ್ತದೆ?

— ಅದನ್ನ ಕಲೀಬೇಕು. ಇಲ್ಲಿ ಹುಟ್ಟಿದೀನಿ, ನನಗೆಲ್ಲ ಗೊತ್ತು ಅನ್ನೋ ಮಾತು ಅರ್ಧ ದಾರಿಗೇ ಸಾಕಾಗ್ತದೆ. ಪ್ರತಿ ಸಾಮಾನಿಗೂ ಪ್ರಪಂಚಕ್ಕೆಲ್ಲ ಒಂದೇ ಎಚ್‌ಎಸ್ ಕೋಡ್ ಇದೆ. ಹುರಿಯದ ಶೇಂಗಾಕ್ಕೆ 1202. ಗಂಡಸರ ಹತ್ತಿ ಪ್ಯಾಂಟಿಗೆ, ಜೀನ್ಸೂ ಸೇರಿ, 6203.42. ಜಿನೀವಾದ ಇಂಟರ್‌ನ್ಯಾಷನಲ್ ಟ್ರೇಡ್ ಸೆಂಟರಿನ ‘ಟ್ರೇಡ್ ಮ್ಯಾಪ್’ನಲ್ಲಿ ಆ ಕೋಡ್ ಹಾಕಿದರೆ ಯಾವ ದೇಶ ಯಾರಿಂದ ಎಷ್ಟು ಕೊಳ್ಳುತ್ತದೆ, ಐದು ವರ್ಷದಲ್ಲಿ ಏರಿತಾ ಇಳೀತಾ ಅಂತ ಕಾಣ್ತದೆ. ಹೆಸರು ನೋಂದಾಯಿಸಿದರೆ ವಿದ್ಯಾರ್ಥಿಗಳೂ ನೋಡಬಹುದು. ನಮ್ಮ ಕಡೆಯಿಂದ ರಫ್ತು ಮಾಡೋರಿಗೆ ಕೇಂದ್ರದ ವಿದೇಶ ವ್ಯಾಪಾರ ಇಲಾಖೆ ಡಿಜಿಎಫ್‌ಟಿಯ ಐಇಸಿ ನಂಬರ್ ಬೇಕು, ಅದರ ಅರ್ಜಿಗೆ 500 ರೂಪಾಯಿ. ಶೇಂಗಾ ಆದರೆ ಮಿಲ್ಲು, ಗೋದಾಮು ಕೃಷಿ ರಫ್ತಿನ ಪ್ರಾಧಿಕಾರ ಅಪೆಡಾದಲ್ಲಿ ನೋಂದಣಿ ಆಗಿರಬೇಕು. ದಿನಕ್ಕೆ ಒಂದು ಗಂಟೆ ಇವನ್ನೇ ಓದು. ಇದರಲ್ಲಿ ಮಜಾ ಇಲ್ಲ, ಆದರೆ ಇದು ಗೊತ್ತಿಲ್ಲದೆ ‘ನಾವು ಯೂರೋಪಿಗೆ ಕಳಿಸಬಹುದು’ ಅಂದರೆ ಆ ಮಾತಿಗೆ ತೂಕ ಇರಲ್ಲ.

— ಓದ್ತೀನಿ. ಮಾತಾಡೋಕೆ ಭಯ. ಹತ್ತರ ತನಕ ಕನ್ನಡ ಮೀಡಿಯಂ. ಕಾಲೇಜಿನಲ್ಲಿ ಸುತ್ತಮುತ್ತ ತೆಲುಗು. ಇಂಗ್ಲಿಷು ಪುಸ್ತಕದಲ್ಲಿ ಮಾತ್ರ.

— ರಾಯದುರ್ಗ 1953ರ ಅಕ್ಟೋಬರ್ 1ರ ತನಕ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆವತ್ತು ಆಲೂರು, ಆದೋನಿಯ ಜೊತೆ ಆಂಧ್ರಕ್ಕೆ ಹೋಯಿತು. ಅಲ್ಲಿಂದ ನಮ್ಮ ಮನೆಗಳಲ್ಲಿ ಮಾತು ಕನ್ನಡ, ಪಹಣಿ ತೆಲುಗು, ವ್ಯಾಪಾರ ಬಳ್ಳಾರಿಯ ಜೊತೆ. ತಾತ ತೆಲುಗಿನಲ್ಲಿ ಬಂದ ನೋಟೀಸನ್ನ ಅಜ್ಜಿಗೆ ಕನ್ನಡದಲ್ಲಿ ಓದಿ ಹೇಳ್ತಿದ್ದರು. ನೀನು ಕಾಲೇಜಿನಲ್ಲಿ ಎರಡೂ ಭಾಷೆಯಲ್ಲಿ ಲೆಕ್ಕ ಬಿಡಿಸ್ತೀಯ. ಒಂದು ಭಾಷೆಯಲ್ಲಿ ಕೇಳಿಸಿಕೊಂಡದ್ದನ್ನ ಇನ್ನೊಂದರಲ್ಲಿ ಅರ್ಥ ಕೆಡದ ಹಾಗೆ ದಾಟಿಸೋದು ಗಡಿಯವರಿಗೆ ದಿನನಿತ್ಯದ ಕೆಲಸ. ಹೊರದೇಶದ ತಂಡಕ್ಕೆ ಅದೇ ಬೇಕಾಗಿರೋದು. ಮೂರನೇ ಭಾಷೆ ಸೇರಿಸಿಕೊಳ್ಳೋದು ಅಭ್ಯಾಸದ ಮಾತು, ಅಷ್ಟೆ.

— ನಿಮಗೆ ಹಾಗೆ ಹೇಳೋದು ಸುಲಭ.

— ಸುಲಭ ಅಂತ ನಾನು ಹೇಳಲಿಲ್ಲ. ಅನಂತಪುರದಲ್ಲಿ ವಿಸೆಂಟೆ ಫೆರರ್ ಅವರು 1969ರಲ್ಲಿ ಕಟ್ಟಿದ ಆರ್‌ಡಿಟಿ ಸಂಸ್ಥೆ, ಇದೇ ಬರಗಾಲದ ಹಳ್ಳಿಗಳಿಂದ ಡಿಗ್ರಿ ಮುಗಿಸಿ ಬಂದ ಮಕ್ಕಳಿಗೆ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಕಲಿಸೋಕೆ ಒಂದು ಶಾಲೆಯನ್ನೇ ತೆರೆಯಿತು. ಕೂಲಿಯವರ ಮಕ್ಕಳು ಆ ಭಾಷೆಗಳನ್ನ ಕಲಿತು ದೊಡ್ಡ ಕಂಪನಿಗಳಿಗೆ ಹೋದರು. ಪೆನುಕೊಂಡದ ಹತ್ತಿರ ಕಿಯಾ ಕಾರಿನ ಕಾರ್ಖಾನೆ 2019ರಲ್ಲಿ ಬಂದಮೇಲೆ ಕೊರಿಯನ್ ಬಲ್ಲವರಿಗೆ ನಮ್ಮ ಸೀಮೆಯಲ್ಲೇ ಕೆಲಸ ಹುಟ್ಟಿತು. ನಿನಗೆ ಸದ್ಯಕ್ಕೆ ಅಷ್ಟೂ ಬೇಡ. ಮೀಟಿಂಗ್ ಮುಗಿದ ಕೂಡಲೇ ಯಾರು ಏನು ಒಪ್ಪಿಕೊಂಡರು, ಯಾವತ್ತಿಗೆ ಮಾಡಿಕೊಡ್ತಾರೆ ಅಂತ ಹತ್ತು ಸಾಲು ಇಂಗ್ಲಿಷಿನಲ್ಲಿ ಬರೆದು ಎಲ್ಲರಿಗೂ ಕಳಿಸು. ಆ ಕೆಲಸ ಯಾರಿಗೂ ಬೇಡ, ಆದರೆ ಅದನ್ನ ಮಾಡೋರ ಮಾತನ್ನ ಎಲ್ಲರೂ ಕೇಳ್ತಾರೆ. ಎರಡು ತಿಂಗಳಲ್ಲಿ ಬರವಣಿಗೆ ತಾನಾಗೇ ಹದಕ್ಕೆ ಬರ್ತದೆ, ಮಾತು ಅದರ ಹಿಂದೆ ಬರ್ತದೆ.

— ಚಿಕ್ಕಪ್ಪ, ನನಗೆ ಇನ್ನೊಂದು ಅನುಮಾನ ಇದೆ. ಬೇಜಾರು ಮಾಡಿಕೊಳ್ಳಬೇಡಿ. ಹೊರದೇಶದ ಕಾಲೇಜಿನವರು ಇಂಥ ಪ್ರಾಜೆಕ್ಟಿಗೆ ನಮ್ಮಂಥ ಊರುಗಳನ್ನ ಹುಡುಕ್ತಾರಲ್ಲ, ಅದರಲ್ಲಿ ಅವರಿಗೆ ಬಯೋಡೇಟಾಕ್ಕೆ ಒಂದು ಸಾಲು ಸಿಗ್ತದೆ. ನಮ್ಮವರಿಗೆ ಏನು ಸಿಗ್ತದೆ? ನಾನೂ ಅವರ ಜೊತೆ ಸೇರಿಕೊಂಡು ನಮ್ಮೂರಿನ ಕಷ್ಟವನ್ನ ಸ್ಲೈಡಿನಲ್ಲಿ ತೋರಿಸೋಳಾದರೆ ನನಗೆ ನೆಮ್ಮದಿ ಇರಲ್ಲ.

— ಬೇಜಾರು ಯಾಕೆ, ಕೇಳಬೇಕಾದ್ದನ್ನೇ ಕೇಳಿದೆ. ಅದಕ್ಕೇ ಮೊದಲು ಕೇಳಿದ್ದು, ಪ್ರಶ್ನೆ ಯಾರದು ಅಂತ. ತಂಡ ತನಗೆ ಬೇಕಾದ ಪ್ರಶ್ನೆಯನ್ನ ತಾನೇ ಹುಟ್ಟಿಸಿಕೊಂಡು ಊರಿಗೆ ಬಂದರೆ ನೀನು ಹೇಳಿದ ಹಾಗೇ ಆಗ್ತದೆ. ಊರಿನವರು ಕೇಳಿದ ಪ್ರಶ್ನೆ ಆದರೆ ಅವರಿಗೆ ಉತ್ತರ ಒಪ್ಪಿಸೋ ಹೊಣೆ ಬರ್ತದೆ. ಇಂಗ್ಲಿಷಿನ ವರದಿಯ ಜೊತೆ ಕನ್ನಡದಲ್ಲಿ ಎರಡು ಪುಟ, ತೆಲುಗಿನಲ್ಲಿ ಎರಡು ಪುಟ. ಅದನ್ನ ಬರೆಯಲ್ಲ ಅಂದರೆ ನೀನು ಆ ತಂಡದಲ್ಲಿ ಇರಬೇಡ. ಇನ್ನೊಂದು, ಯಾರ ಮನೆಯ ಸಾಲ, ಯಾರ ಅಂಗಡಿಯ ಲಾಭ ನಿನ್ನ ಕಿವಿಗೆ ಬಿತ್ತೋ ಅದನ್ನ ಹೆಸರಿನ ಸಮೇತ ಯಾರಿಗೂ ಕಳಿಸಬಾರದು. ಫೋಟೊ ತೆಗೆಯೋ ಮುಂಚೆ ಕೇಳಬೇಕು. ಕೊಡೋಕಾಗದ್ದನ್ನ ಕೊಡಿಸ್ತೀನಿ ಅನ್ನಬಾರದು. ನಮ್ಮ ಜನ ಅರ್ಜಿ ಬರೆಸಿಕೊಂಡು ಹೋದವರನ್ನ ಬಹಳ ನೋಡಿದ್ದಾರೆ.

— ಅದು ನನಗೆ ಸರ್ವೆ ಮಾಡುವಾಗಲೇ ತಿಳೀತು.

— ಯಾವ ಸರ್ವೆ?

— ನಮಗೆ ಮೊದಲ ವರ್ಷ ಮುಗಿದಮೇಲೆ ಕಮ್ಯುನಿಟಿ ಸರ್ವಿಸ್ ಪ್ರಾಜೆಕ್ಟ್ ಕಡ್ಡಾಯ ಅಲ್ವಾ, 180 ಗಂಟೆ. ಆಂಧ್ರದ ಉನ್ನತ ಶಿಕ್ಷಣ ಮಂಡಳಿ ಡಿಗ್ರಿಯೊಳಗೆ ಒಟ್ಟು ಹತ್ತು ತಿಂಗಳ ಇಂಟರ್ನ್‌ಶಿಪ್ ಇಟ್ಟಿದೆ, ಅದರಲ್ಲಿ ಇದು ಮೊದಲನೇದು. ಕೊನೆಗೆ ಒಂದು ಸೆಮಿಸ್ಟರ್ ಪೂರ್ತಿ ಹೊರಗಡೆಯೇ ಕೆಲಸ. ನಾನು ಜೀನ್ಸ್ ಹೊಲಿಯೋ ಹೆಣ್ಣುಮಕ್ಕಳ ಮೇಲೆ ಮಾಡಿದೆ.

— ನೋಡು, ಕೈಯಲ್ಲೇ ಇಟ್ಟುಕೊಂಡು ಆರು ಸಾವಿರ ಕಟ್ಟೋಕೆ ಹೊರಟಿದ್ದೆ. ಹುಬ್ಬಳ್ಳಿಯಲ್ಲಿ ದೇಶಪಾಂಡೆ ಫೌಂಡೇಶನ್ ಕಾಲೇಜು ವಿದ್ಯಾರ್ಥಿಗಳಿಗೆ ‘ಲೀಡ್’ ಅಂತ ನಡೆಸಿದ ಕಾರ್ಯಕ್ರಮದಲ್ಲೂ ಇದೇ ದಾರಿ, ನಿನ್ನ ಸುತ್ತಲಿನ ಒಂದು ಸಮಸ್ಯೆ ಹಿಡಿದುಕೋ, ಅದಕ್ಕೆ ಏನಾದರೂ ಮಾಡು ಅಂತ. ಆ ಸರ್ವೆಯಲ್ಲಿ ಏನು ಸಿಕ್ಕಿತು?

— ಫಾರಂ ತುಂಬಿದೆ. ವಯಸ್ಸು, ಓದು, ಆದಾಯ, ಬ್ಯಾಂಕ್ ಖಾತೆ ಇದೆಯಾ. ಮಾರ್ಕ್ಸ್ ಬಂತು. ಆದರೆ ಅವರು ಹೇಳಿದ ಮುಖ್ಯ ಮಾತಿಗೆ ಫಾರಂನಲ್ಲಿ ಜಾಗವೇ ಇರಲಿಲ್ಲ.

— ಏನು ಹೇಳಿದರು?

— ಇರಲಿ, ಆಮೇಲೆ ಹೇಳ್ತೀನಿ. ಮೊದಲು ನೀವು ಹೇಳಿ. ಒಬ್ಬರು ಹೇಳಿದ ಸಮಸ್ಯೆ ಒಂದು, ಅದರ ಕಾರಣ ಬೇರೆ ಕಡೆ ಇರಬಹುದು. ಅದನ್ನ ಹುಡುಕೋದು ಹೇಗೆ?

— ವಿಶ್ವೇಶ್ವರಯ್ಯನವರ ಹೈದರಾಬಾದಿನ ಕೆಲಸ ನೋಡು. 1908ರ ಸೆಪ್ಟೆಂಬರ್ 28ಕ್ಕೆ ಮೂಸಿ ನದಿ ಉಕ್ಕಿ ಊರು ಕೊಚ್ಚಿಹೋಯಿತು. ವಿಶ್ವೇಶ್ವರಯ್ಯ ಆಗ ಹೊರದೇಶದ ಪ್ರವಾಸದಲ್ಲಿದ್ದರು. ಅದಕ್ಕೆ ಎರಡು ವರ್ಷ ಮುಂಚೆ ಏಡನ್ನಿಗೆ ಹೋಗಿ ಅಲ್ಲಿನ ನೀರು, ಚರಂಡಿಯ ಬಗ್ಗೆ ವರದಿ ಕೊಟ್ಟಿದ್ದರು. ಸಲಹೆಗಾರರಾಗಿ ಹೊರಗೆ ಹೋಗೋದು ಕನ್ನಡದವರಿಗೆ ಹೊಸದಲ್ಲ. ನಿಜಾಮರ ಸರ್ಕಾರ ಕರೆಸಿಕೊಂಡು ಕೇಳಿದ್ದು, ಊರನ್ನ ಮತ್ತೆ ಕಟ್ಟಬೇಕು, ಇನ್ನೊಮ್ಮೆ ನೆರೆ ಬರದಂತೆ ಮಾಡಬೇಕು ಅಂತ. ಅವರು ಮಳೆಯ ಲೆಕ್ಕ ತರಿಸಿದರು, ಊರಿನ ಮೇಲ್ಗಡೆ ನದಿಗೆ ನೀರು ಎಲ್ಲೆಲ್ಲಿಂದ ಬರ್ತದೆ ಅಂತ ನೋಡಿದರು. ಮೇಲೆ ಮೂಸಿಗೆ ಒಂದು, ಈಸಿಗೆ ಒಂದು ಜಲಾಶಯ ಕಟ್ಟಿ ನೆರೆಯ ನೀರನ್ನ ಅಲ್ಲೇ ಹಿಡೀಬೇಕು ಅಂದರು. 1920ಕ್ಕೆ ಉಸ್ಮಾನ್ ಸಾಗರ, 1927ಕ್ಕೆ ಹಿಮಾಯತ್ ಸಾಗರ ಮುಗಿದವು. ನೆರೆ ತಡೆಯೋಕೆ ಕಟ್ಟಿದ ಕೆರೆಗಳೇ ಹೈದರಾಬಾದಿಗೆ ಕುಡಿಯೋ ನೀರನ್ನೂ ಕೊಟ್ಟವು. ಕಷ್ಟ ಆದದ್ದು ಊರಲ್ಲಿ, ಕಾರಣ ಇದ್ದದ್ದು ಮೇಲ್ಗಡೆ. ನಮ್ಮ ಭೈರವಾನಿತಿಪ್ಪ ಡ್ಯಾಮು ಎಷ್ಟೋ ವರ್ಷ ಯಾಕೆ ಖಾಲಿ ಇತ್ತು ಅಂತ ಗುಮ್ಮಘಟ್ಟದಲ್ಲೇ ನಿಂತು ಕೇಳಿದರೆ ಏನು ಗೊತ್ತಾಗ್ತದೆ? ವೇದಾವತಿಯ ಜಾಡು ಹಿಡಿದು ಹಿರಿಯೂರಿನ ಕಡೆ, ಮಾರಿಕಣಿವೆಯ ಡ್ಯಾಮಿನ ತನಕ ಹೋಗಬೇಕಾಗ್ತದೆ.

— ಹಾಗಾದರೆ ಜೀನ್ಸ್‌ನಲ್ಲೂ ಮೇಲ್ಗಡೆ ನೋಡಬೇಕು.

— ಜೀನ್ಸ್‌ನಲ್ಲಂತೂ ಖಂಡಿತ. ಒಂದು ಪ್ಯಾಂಟು ಎಷ್ಟು ಕೈ ದಾಟ್ತದೆ ಗೊತ್ತಲ್ಲ. ಥಾನು ಬರ್ತದೆ. ಕಟಿಂಗ್ ಮಾಸ್ಟರ್ ಪದರ ಪದರ ಹಾಸಿ ಕತ್ತರಿಸ್ತಾನೆ. ಒಬ್ಬರು ಜೇಬು, ಒಬ್ಬರು ಜಿಪ್, ಒಬ್ಬರು ಬೆಲ್ಟ್, ಆಮೇಲೆ ಕಾಜಾ, ಬಟನ್ನು. ವಾಷಿಂಗಿಗೆ ಹೋಗ್ತದೆ, ಬಣ್ಣ ಇಳಿಸೋಕೆ ಪ್ಯೂಮಿಸ್ ಕಲ್ಲು, ಎನ್‌ಝೈಮು, ನೀರು ಬೇಕೇಬೇಕು. ನಮ್ಮ ಸೀಮೆಯಲ್ಲಿ ಅಗ್ಗ ಅಲ್ಲದ ಸಾಮಾನು ಅಂದರೆ ನೀರೇ. ಆಮೇಲೆ ಚೆಕಿಂಗ್, ಇಸ್ತ್ರಿ, ಪ್ಯಾಕಿಂಗ್. ಬಳ್ಳಾರಿಯೂ ರಾಯದುರ್ಗವೂ ಇದರಲ್ಲೇ ಬದುಕು ಕಟ್ಟಿಕೊಂಡವು. ಆದರೆ ನಾವು ಹೊಲಿದ ಮಾಲು ಹೆಚ್ಚಾಗಿ ದೇಶದೊಳಗೇ ಮಾರಿಹೋಗ್ತದೆ.

— ಹೊರಗೆ ಯಾಕೆ ಹೋಗಲ್ಲ? ಹೊಲಿಗೆ ಚೆನ್ನಾಗೇ ಇದೆಯಲ್ಲ.

— ಹೊರಗಿನ ಖರೀದಿದಾರ ಹೊಲಿಗೆಯ ಜೊತೆ ಇನ್ನೂ ಹತ್ತು ಕೇಳ್ತಾನೆ. ವಾಷಿಂಗಿನ ನೀರು ಎಲ್ಲಿ ಹೋಗ್ತದೆ? ಯಾವ ರಾಸಾಯನಿಕ ಹಾಕ್ತೀರಿ? ಟರ್ಕಿಯಲ್ಲಿ ಮರಳು ಊದಿ ಬಣ್ಣ ಇಳಿಸ್ತಿದ್ದ ಹುಡುಗರಿಗೆ ಶ್ವಾಸಕೋಶದ ಸಿಲಿಕೋಸಿಸ್ ಬಂದು ಸತ್ತಮೇಲೆ 2009ರಲ್ಲಿ ಅಲ್ಲಿನ ಸರ್ಕಾರ ಆ ಪದ್ಧತಿಯನ್ನೇ ನಿಷೇಧ ಮಾಡಿತು. ಇಂಥದ್ದಕ್ಕೇ ದೊಡ್ಡ ಬ್ರ್ಯಾಂಡುಗಳು ಕಾರ್ಖಾನೆಯೊಳಗೆ ಬಂದು ನೋಡದೆ ಆರ್ಡರ್ ಕೊಡಲ್ಲ. ಸುಂಕದ ಮಾತೂ ಇದೆ. ಬಾಂಗ್ಲಾದೇಶದ ಬಟ್ಟೆ ಎಷ್ಟೋ ವರ್ಷದಿಂದ ಯೂರೋಪಿಗೆ ಸುಂಕವಿಲ್ಲದೆ ಹೋಗ್ತಿತ್ತು, ನಾವು ಕಟ್ಟಿ ಹೋಗಬೇಕಿತ್ತು. ಯುಎಇ ಜೊತೆಗಿನ ಒಪ್ಪಂದ 2022ರ ಮೇ 1ಕ್ಕೆ ಜಾರಿಗೆ ಬಂದು ದುಬೈ ಕಡೆಯ ಬಾಗಿಲು ತೆರೀತು. ಬ್ರಿಟನ್ ಜೊತೆ 2025ರ ಜುಲೈ 24ಕ್ಕೆ ಸಹಿ ಆದ ಒಪ್ಪಂದದಲ್ಲಿ ನಮ್ಮ ಬಟ್ಟೆಗೆ ಸುಂಕ ತೆಗೆಯೋ ಮಾತಿದೆ. ಹಾಗಂತ ಹತ್ತು ಮಿಷನ್ನಿನ ಯೂನಿಟ್ಟಿಗೆ ಲಂಡನ್ನಿನಿಂದ ಫೋನು ಬರಲ್ಲ. ಹತ್ತು ಯೂನಿಟ್ ಸೇರಿ ಒಂದೇ ಅಳತೆ, ಒಂದೇ ಚೆಕಿಂಗ್ ಇಟ್ಟುಕೊಂಡರೆ ಯಾರಿಗೆ ಮಾರಬಹುದು? ದುಬೈನ ಸಗಟು ವ್ಯಾಪಾರಿಗಾ, ಬ್ರಿಟನ್ನಿನ ಸಣ್ಣ ಬ್ರ್ಯಾಂಡಿಗಾ, ಸುಮ್ಮನೆ ಇಲ್ಲೇ ಇರೋದೇ ಲಾಭವಾ? ಇದು ನಿಜವಾದ ಅಂತರರಾಷ್ಟ್ರೀಯ ಪ್ರಶ್ನೆ. ನನಗೆ ಉತ್ತರ ಗೊತ್ತಿಲ್ಲ.

— ಹಾಗಾದರೆ ಆ ಪ್ರಶ್ನೆ ನಿಮ್ಮದೇ ಅಲ್ವಾ?

— ನನ್ನದೇ. ಇಲ್ಲಿ ನನ್ನ ಜೀನ್ಸ್ ಯೂನಿಟ್ ಹಾಕಿದಾಗಿನಿಂದ ತಲೆಯಲ್ಲಿದೆ.

— ಹಾಗಾದರೆ ನೀವೇ ನನ್ನ ಮೊದಲ ಕ್ಲೈಂಟು.

— ನಾನಾ? ಮನೆಯವರ ಯೂನಿಟ್ಟು ಯಾರೂ ಲೆಕ್ಕಕ್ಕೆ ಹಿಡಿಯಲ್ಲಮ್ಮ.

— ಪ್ರಶ್ನೆ ನಿಜ ಇರಬೇಕು, ಹೇಳಿದಮೇಲೆ ಏನಾದರೂ ಬದಲಾಗಬೇಕು ಅಂದಿದ್ದು ನೀವೇ. ಕೊನೆಯ ಸೆಮಿಸ್ಟರಿನ ಇಂಟರ್ನ್‌ಶಿಪ್ ಇದರ ಮೇಲೇ ಮಾಡ್ತೀನಿ, ಮೇಷ್ಟ್ರನ್ನ ಕೇಳ್ತೀನಿ. ಅಷ್ಟರೊಳಗೆ ಎಕ್ಸ್-ಕಲ್ಚರ್‌ಗೆ ಸೇರಿ ಹೊರಗಿನ ಮಾರುಕಟ್ಟೆ ನೋಡೋದು ಕಲೀತೀನಿ. ಅಲ್ಲಿ ಸಿಕ್ಕವರಲ್ಲಿ ಯಾರಾದರೂ ಒಬ್ಬರು ಆಮೇಲೂ ಜೊತೆಗೆ ನಿಂತರೆ ಅವರ ಊರಿನ ಅಂಗಡಿಯಲ್ಲಿ ಇಂಥ ಪ್ಯಾಂಟಿಗೆ ಬೆಲೆ ಎಷ್ಟು, ಲೇಬಲ್ಲಿನಲ್ಲಿ ಏನಿರ್ತದೆ ಅಂತ ನೋಡಿ ಹೇಳ್ತಾರೆ. ಇಲ್ಲಿನದನ್ನ ನಾನು ನೋಡ್ತೀನಿ. ನೀವು ನನಗೆ ಖರ್ಚಿನ ಪುಸ್ತಕ ತೋರಿಸಬೇಕು. ಬಟ್ಟೆ ಎಷ್ಟು, ದಾರ ಎಷ್ಟು, ವಾಷಿಂಗಿಗೆ ಎಷ್ಟು, ಪೀಸಿಗೆ ಕೂಲಿ ಎಷ್ಟು, ನಿಮಗೆ ಉಳಿಯೋದು ಎಷ್ಟು.

— ಉಳಿಯೋದನ್ನೂ ತೋರಿಸಬೇಕಾ?

— ಅದಿಲ್ಲದೆ ಯಾವ ದೇಶಕ್ಕೆ ಯಾವ ಬೆಲೆಗೆ ಅಂತ ಹೇಗೆ ಹೇಳಲಿ? ಹೆಸರಿನ ಸಮೇತ ಯಾರಿಗೂ ಕಳಿಸಲ್ಲ.

— ಸರಿ, ತೋರಿಸ್ತೀನಿ.

— ವರದಿಯ ಕನ್ನಡದ ಎರಡು ಪುಟ ಟೈಲರ್ ಹೆಣ್ಣುಮಕ್ಕಳಿಗೂ ಕೊಡ್ತೀನಿ.

— ಅದೂ ನಾನು ಹೇಳಿದ್ದೇ. ಕೊಡು.

— ಹಾಗಾದರೆ ಸರ್ವೆಯಲ್ಲಿ ಅವರು ಹೇಳಿದ್ದನ್ನ ಈಗ ಹೇಳ್ತೀನಿ. ನಾನು ಹೋದ ಕಡೆಯಲ್ಲೆಲ್ಲ ಅದೇ ಮಾತು. ಚೆಕಿಂಗ್‌ನಲ್ಲಿ ವಾಪಸ್ ಬಂದ ಪೀಸನ್ನ ಬಿಚ್ಚಿ ಮತ್ತೆ ಹೊಲೀಬೇಕು, ಅದಕ್ಕೆ ಕೂಲಿ ಇಲ್ಲ. ಕೆಲವು ದಿನ ಅರ್ಧ ಹೊತ್ತು ಅದರಲ್ಲೇ ಹೋಗ್ತದಂತೆ.

— ಪೀಸ್ ರೇಟಿನಲ್ಲಿ ಎಲ್ಲಾ ಕಡೆ ಹಾಗೇನಮ್ಮ. ತಪ್ಪು ಹೊಲಿದರೆ ತಿದ್ದಿಕೊಡಬೇಕು.

— ತಪ್ಪು ಅವರದೇ ಅಂತ ಹೇಗೆ ಗೊತ್ತು? ಪದರ ಜರುಗಿ ಕಟಿಂಗಿನಲ್ಲೇ ಒಂದು ಕಾಲು ಅಗಲ ಒಂದು ಕಾಲು ಸಣ್ಣ ಬಂದಿದ್ದರೆ? ದಾರ ಕಳಪೆ ಇದ್ದು ವಾಷಿಂಗಿನಲ್ಲಿ ಹರಿದಿದ್ದರೆ? ಅದೂ ಅವರ ತಲೆ ಮೇಲೇ ಬೀಳ್ತದಲ್ಲ.

— ಬೀಳ್ತದೆ.

— ಹೊರಗಿನ ಖರೀದಿದಾರ ಪೆಟ್ಟಿಗೆ ತೆರೆದು ಕೆಲವು ಪೀಸು ಎತ್ತಿ ನೋಡಿ, ಇಷ್ಟಕ್ಕಿಂತ ಹೆಚ್ಚು ತಪ್ಪು ಕಂಡರೆ ಇಡೀ ಲಾಟೇ ವಾಪಸ್ ಮಾಡ್ತಾನೆ ಅಂತ ನೀವೇ ಹಿಂದೆ ಹೇಳಿದ್ರಿ. ಆಗ ಆ ನಷ್ಟ ಯಾರದು? ಬ್ರಿಟನ್ನಾ ದುಬೈಯಾ ಅನ್ನೋದು ಆಮೇಲೆ. ಹೋದ ತಿಂಗಳು ಎಷ್ಟು ಪೀಸು ವಾಪಸ್ ಬಂದವು, ಯಾವ ಯಾವ ಕಾರಣಕ್ಕೆ?

— ಅದು ನನ್ನ ಪುಸ್ತಕದಲ್ಲಿ ಸಿಗಲ್ಲ. ಎಷ್ಟು ಹೋಯಿತು ಅನ್ನೋದಷ್ಟೇ ಬರೀತೀನಿ. ಕಾರಣ ಗೊತ್ತಿರೋದು ಚೆಕಿಂಗ್ ಟೇಬಲ್ಲಿನ ಅಕ್ಕನಿಗೆ. ಹೊಲಿಗೆ ಬಿಟ್ಟದ್ದು ಯಾವುದು, ಅಳತೆ ತಪ್ಪಿದ್ದು ಯಾವುದು ಅಂತ ಅವಳು ಬೇರೆ ಬೇರೆ ಗುಡ್ಡೆ ಹಾಕ್ತಾಳೆ. ಬರೆದಿಡು ಅಂತ ಯಾರೂ ಹೇಳಿಲ್ಲ.

— ನಾಳೆ ಕಾಲೇಜು ಇಲ್ಲ. ಬೆಳಿಗ್ಗೆ ಅವರು ಎಷ್ಟು ಹೊತ್ತಿಗೆ ಬರ್ತಾರೆ?

— ಒಂಬತ್ತಕ್ಕೆ. ನಾನೂ ಬರಲಾ ಜೊತೆಗೆ?

— ಬೇಡ ಚಿಕ್ಕಪ್ಪ. ನೀವು ಪಕ್ಕದಲ್ಲಿ ನಿಂತರೆ ಅವರು ಬಾಯಿ ಬಿಡಲ್ಲ.